ದೇವತೆಯನ್ನು ಚಾಲೂ ಮಾಡತಕ್ಕದ್ದಲ್ಲ

ಮರಾಠಿ ಸೀಮೆಯ ಕಾರ್ಖಾನೆಗಳ ಊರಾದ ಭೋಸರಿಯ ಯಂತ್ರೋಪಕರಣ ಸಂಗ್ರಹಾಲಯದಲ್ಲಿರುವ ಲೇಥ್ ಯಂತ್ರವು ಸರ್ಕಾರಿ ದಾಖಲೆಗಳ ಪ್ರಕಾರ ದೇವತೆಯಾಗಿದ್ದು, ಅದನ್ನು ಚಾಲೂ ಮಾಡುವುದು ಅಪರಾಧ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಎಲ್ಲವೂ ನಿಯಮಾನುಸಾರವಾಗಿಯೇ ನಡೆದಿದೆ, ಪ್ರತಿ ಹಂತದಲ್ಲೂ ಸಹಿ ಶಿಕ್ಕಾ ಬಿದ್ದಿದೆ, ಸಂಬಂಧಪಟ್ಟವರೆಲ್ಲ ತಂತಮ್ಮ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿದ್ದಾರೆ. ಸಂಗ್ರಹಾಲಯದ ಮೇಲ್ವಿಚಾರಕಿ ರಂಜನಾ ಹುಯಿಲಗೋಳಳಿಗೆ ಮಾತ್ರ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ತಡವಾಯಿತು. ಧಾರವಾಡದ ಮನೆತನ. ಏನನ್ನಾದರೂ ಒಪ್ಪುವ ಮೊದಲು ಒಂದೆರಡು ಕೊಂಕು ತೆಗೆಯದಿದ್ದರೆ ಅವರಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಲೇಥ್ ಎಂದರೆ ಕಬ್ಬಿಣವನ್ನೋ ಕಟ್ಟಿಗೆಯನ್ನೋ ಕಚ್ಚಿ ಹಿಡಿದು ಗರಗರ ತಿರುಗಿಸಿ ದುಂಡಗೆ ಕೊರೆಯುವ ಯಂತ್ರ. ಈ ಲೇಥಿನ ಮೇಲೆ ಬೆಳಗಾವಿ ಕಡೆಯಿಂದ ಬಂದ ಫಕೀರಪ್ಪ ತನ್ನ ಆಯುಷ್ಯವನ್ನೆಲ್ಲ ಕಳೆದಿದ್ದ. ವರ್ಕ್‌ಶಾಪು ಮುಚ್ಚಿದಾಗ ಮಾಲೀಕ, ನಿನಗೆ ಕೊಡಲು ಬೇರೇನೂ ಇಲ್ಲ, ಇದನ್ನೇ ಒಯ್ಯಿ ಎಂದು ಯಂತ್ರವನ್ನು ಅವನ ಕೊರಳಿಗೆ ಕಟ್ಟಿದ್ದ. ಫಕೀರಪ್ಪ ತೀರಿಕೊಂಡ ಮೇಲೆ ಗುಜರಿಯವರು ಮನೆ ಬಾಗಿಲಿಗೆ ಬಂದರು. ಅವನ ಹೆಂಡತಿ ಕಲ್ಲವ್ವ ಅವರನ್ನು ಬೈದು ಅಟ್ಟಿ, ಲೇಥನ್ನು ಸಂಗ್ರಹಾಲಯಕ್ಕೆ ಕೊಟ್ಟಳು. ಕೊಡುವಾಗ ಒಂದೇ ಷರತ್ತು ಹಾಕಿದಳು.

"ಇದನ್ನ ಸುಮ್ಮ ಕುಂದರಸಬ್ಯಾಡ್ರಿ ಬಾಯಾರ. ಕುಂತ್ರ ತುಕ್ಕ ಹಿಡೀತೈತಿ. ಐತವಾರಕ್ಕೊಮ್ಮೆರ ಓಡಸ್ರಿ. ಇದರ ಸಪ್ಪಳ ಕೇಳಿದ್ರ ನಮ್ಮನಿಯವರು ಇನ್ನೂ ಡ್ಯೂಟಿ ಮ್ಯಾಲ ಅದಾರ ಅನ್ನಸ್ತೈತಿ."

ರಂಜನಾ ಮಾತು ಕೊಟ್ಟಳು. ಕಲ್ಲವ್ವನ ಮಗ ಅಮರ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಪ್ರತಿ ಭಾನುವಾರ ಬಂದು, ಅಪ್ಪನ ಲೇಥಿನ ಮೇಲೆ ಕಟ್ಟಿಗೆಯ ಬುಗುರಿ ಮಾಡಿ, ಕೂಡಿದ ಮಕ್ಕಳಿಗೆ ಕೊಡುತ್ತಿದ್ದ. ಕಲ್ಲವ್ವ ಮೂಲೆಯ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು ಆ ಗರಗರ ಸದ್ದು ಕೇಳುತ್ತಿದ್ದಳು. ಆ ಹೊತ್ತಿನಲ್ಲಿ ಅವಳನ್ನು ನೋಡಿದವರಿಗೆ ತಮ್ಮ ಮನೆಯವರ ನೆನಪಾಗದೆ ಇರುತ್ತಿರಲಿಲ್ಲ. ರಂಜನಾಳಿಗಂತೂ ಸಂಬಳ ಬಾರದ ತಿಂಗಳುಗಳಲ್ಲಿ ಈ ಕೆಲಸ ಬಿಡದೆ ಇರಲು ಅದೊಂದೇ ಕಾರಣವಾಗಿತ್ತು.

ಹೀಗಿರಲು ಸಂಗ್ರಹಾಲಯದ ತಗಡಿನ ಮಾಡು ಸೋರತೊಡಗಿತು. ಸರಿಯಾಗಿ ಲೇಥಿನ ಮೇಲೇ ಸೋರಿತು. ರಂಜನಾ ಪ್ರಾದೇಶಿಕ ಸಂಗ್ರಹಾಲಯ ಸಬಲೀಕರಣ ಕೋಶಕ್ಕೆ ಅನುದಾನ ಕೇಳಿ ಅರ್ಜಿ ಹಾಕಿದಳು. ಕೋಶವು ತಡಮಾಡದೆ ಮರುವರ್ಷವೇ ಉತ್ತರಿಸಿತು: ಸದರಿ ಪ್ರದರ್ಶನ ವಸ್ತುವು ಓಡುತ್ತಿರುವುದಾಗಿ ತಿಳಿದುಬಂದಿದೆ, ಓಡುವ ವಸ್ತುವು ಪ್ರದರ್ಶನ ವಸ್ತುವಲ್ಲ, ಕಾರ್ಖಾನೆ, ಆದ್ದರಿಂದ ಉದ್ಯಮ ಖಾತೆಯನ್ನು ಸಂಪರ್ಕಿಸತಕ್ಕದ್ದು. ಉದ್ಯಮ ಖಾತೆಯವರು ಕೂಲಂಕಷವಾಗಿ ಪರಿಶೀಲಿಸಿ, ತಯಾರಾದ ಮಾಲನ್ನು ಪುಕ್ಕಟೆ ಹಂಚುತ್ತಿರುವುದರಿಂದ ಇದು ಉದ್ಯಮವಲ್ಲ, ದುಶ್ಚಟ ಎಂದು ತೀರ್ಮಾನಿಸಿದರು. ಎರಡೂ ಖಾತೆಗಳು ಕೈ ತೊಳೆದುಕೊಂಡ ಮೇಲೆ, ಇದು ನಿಜವಾಗಿ ಏನು ಎಂಬುದನ್ನು ಕಣ್ಣಾರೆ ಕಂಡು ವರದಿ ಮಾಡಲು ಕೋಶದ ಉಪಸಂಚಾಲಕರಾದ ಅವಧೂತ ನರಗುಂದಕರ ಸಾಹೇಬರು ನೇಮಕವಾದರು. ಅವರು ತಪಾಸಣೆಗೆ ಗೊತ್ತುಮಾಡಿದ ದಿನ ಖಂಡೇನವಮಿ.

ದಸರೆಯ ಹಿಂದಿನ ಆ ದಿನ ಭೋಸರಿಯಲ್ಲಿ ಯಾರೂ ಯಂತ್ರದಿಂದ ಕೆಲಸ ತೆಗೆಯುವುದಿಲ್ಲ. ತೊಳೆದು, ಒರೆಸಿ, ಪೂಜೆ ಮಾಡಿ, ಅದಕ್ಕೂ ಒಂದು ದಿನ ರಜೆ ಕೊಡುತ್ತಾರೆ. ಅಮರನೂ ಬೆಳಿಗ್ಗೆಯೇ ಬಂದು ಲೇಥಿಗೆ ಅರಿಷಿಣ ಕುಂಕುಮ ಹಚ್ಚಿ, ಚಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಊದಿನಕಡ್ಡಿ ಹಚ್ಚಿಟ್ಟಿದ್ದ.

ನರಗುಂದಕರ ಸಾಹೇಬರದು ಆಫೀಸಿನಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಎದುರಿಗೆ ಕನ್ನಡದವರು ಸಿಕ್ಕರೆ ಆಚೀಚೆ ನೋಡಿಕೊಂಡು ಕನ್ನಡ. ಹೊಸ್ತಿಲಿಗೆ ಬಂದವರೇ ಬೂಟು ಕಳಚಿದರು. ಊದಿನಕಡ್ಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಲ್ಯದಿಂದ ರೂಢಿಯಾದ ಕೈಗಳು ತಾವೇ ಜೋಡಿಕೊಂಡವು. ಲೇಥಿಗೆ ಹಣೆ ಹಚ್ಚಿ, ಜೇಬಿನಿಂದ ಒಂದು ನಾಣ್ಯ ತೆಗೆದು ಅದರ ಮುಂದಿಟ್ಟು, ಆಮೇಲೆ ಚಷ್ಮಾ ಹಾಕಿಕೊಂಡು ಕೇಳಿದರು.

"ಎಲ್ಲಿ, ಮಷೀನ್ ಓಡಿಸಿ ತೋರಸ್ರಿ."

"ಇವತ್ತ ಓಡಸಂಗಿಲ್ರಿ ಸಾಹೇಬ್ರ," ಅಂದ ಅಮರ. "ಇವತ್ತ ಪೂಜಾ."

ಸಾಹೇಬರು ಒಮ್ಮೆ ಯಂತ್ರವನ್ನು, ಒಮ್ಮೆ ತಮ್ಮ ಬರಿಗಾಲನ್ನು ನೋಡಿದರು. ಅವರ ಮುಖ ಬಾಡಿತು. ರಂಜನಾಳನ್ನು ಪಕ್ಕಕ್ಕೆ ಕರೆದರು.

"ಮೇಡಂ, ನಾ ಈಗ ಏನ ಮಾಡಿದೆ?"

"ನಮಸ್ಕಾರ ಮಾಡಿದ್ರಿ."

"ಡ್ಯೂಟಿ ಮ್ಯಾಲೆ ಇದ್ದಾಗ?"

"ಹೌದ್ರಿ."

"ಸರಕಾರಿ ಅಧಿಕಾರಿ ತಪಾಸಣಿಗೆ ಹೋಗಿ ಮಷೀನಿಗೆ ಕೈ ಮುಗದಾ ಅಂದ್ರ ಮಂದಿ ಏನಂತಾರ? ತಲಿ ಕೆಟ್ಟದ ಅಂತಾರ. ನನ್ನ ತಲಿ ಕೆಟ್ಟಿಲ್ಲ. ಅಂದಮ್ಯಾಲೆ ಇದು ಮಷೀನ್ ಅಲ್ಲ."

"ಹಂಗಂದ್ರ ಹ್ಯಾಂಗ್ರಿ ಸಾಹೇಬ್ರ? ಇವತ್ತ ಮುಂಜಾನೆ ನೀವು ನಿಮ್ಮ ಜೀಪಿಗೂ ಕೈ ಮುಗದಿರಬೇಕಲ್ಲ."

"ಜೀಪಿನ ತಪಾಸಣಿಗೆ ನನ್ನ ನೇಮಿಸಿಲ್ಲ," ಎಂದು ಸಾಹೇಬರು ಬೂಟು ಹಾಕಿಕೊಂಡರು.

ವರದಿ ಚೊಕ್ಕವಾಗಿತ್ತು. ಸದರಿ ಸ್ಥಳವು ಶ್ರದ್ಧಾಸ್ಥಾನವಾಗಿದ್ದು, ತಪಾಸಣೆಯ ಸಮಯದಲ್ಲಿ ಅಲ್ಲಿ ಪೂಜೆ ನಡೆದಿತ್ತು, ಕಾಣಿಕೆಯೂ ಸಂದಾಯವಾಯಿತು. ಕಾಣಿಕೆ ಹಾಕಿದವರು ಯಾರು ಎಂಬ ಬಗ್ಗೆ ವರದಿ ಮೌನವಾಗಿತ್ತು. ಸಂಗ್ರಹಾಲಯವೇ ಅಲ್ಲದ ಮೇಲೆ ಅನುದಾನದ ಪ್ರಶ್ನೆ ಉದ್ಭವಿಸುವುದಿಲ್ಲವೆಂದು ಕೋಶವು ಕಡತವನ್ನು ಯಾತ್ರಾಸ್ಥಳಗಳ ಖಾತೆಗೆ ಕಳಿಸಿತು. ಈ ಖಾತೆಯಲ್ಲಿ ಹಣಕ್ಕೆ ಬರವಿರಲಿಲ್ಲ, ಖರ್ಚು ಮಾಡಲು ಹೊಸ ದೇವರಿಗೆ ಮಾತ್ರ ಬರವಿತ್ತು. ಮಳೆಗಾಲ ಹತ್ತಿರವಾಗುವಷ್ಟರಲ್ಲಿ ಸ್ವಾಗತ ಕಮಾನು, ಚಪ್ಪಲಿ ಸ್ಟ್ಯಾಂಡು, ಸರದಿಗೆ ಸ್ಟೀಲ್ ಕಟಾಂಜನ, ಮಿನಾರಿನೆತ್ತರದ ದೀಪದ ಕಂಬ ಎಲ್ಲ ಎದ್ದು ನಿಂತವು. ಮಾಡಿನ ದುರಸ್ತಿಗೆ ಮಾತ್ರ ಅವಕಾಶವಿರಲಿಲ್ಲ, ಶಿಖರಕ್ಕೆ ಅವಕಾಶವಿತ್ತು. ಹಾಗಾಗಿ ತೂತು ತಗಡಿನ ಮೇಲೆಯೇ ಶಿಖರ ಕೂರಿಸಿದರು. ರಂಜನಾ ಸೋರಿಕೆಯ ಬಗ್ಗೆ ಕೇಳಿದಾಗ, ಅದನ್ನು ನೈಸರ್ಗಿಕ ಅಭಿಷೇಕವೆಂದು ಪರಿಗಣಿಸಲಾಗಿದೆ ಎಂಬ ಸ್ಪಷ್ಟೀಕರಣ ಬಂದಿತು. ಜೊತೆಗೆ ಗೋಡೆಗೆ ಒಂದು ಫಲಕವೂ ಬಂದಿತು.

"ಸೂಚನೆ: ದೇವತೆಯನ್ನು ವಿದ್ಯುತ್ತಿಗೆ ಜೋಡಿಸತಕ್ಕದ್ದಲ್ಲ. ದೇವತೆಯ ಗೇರು ಬದಲಿಸತಕ್ಕದ್ದಲ್ಲ. ದೇವತೆಯಿಂದ ಬುಗುರಿ ಅಪೇಕ್ಷಿಸತಕ್ಕದ್ದಲ್ಲ. ಡ್ರಿಲ್ಲು, ಸಾಣೆಯಂತ್ರ ಮುಂತಾದ ಇತರ ಉಪಕರಣಗಳನ್ನು ಪರಿವಾರ ದೇವತೆಗಳೆಂದು ಭಾವಿಸತಕ್ಕದ್ದು."

ರಂಜನಾ ಕೆರಳಿದಳು. ನೇರ ನರಗುಂದಕರ ಸಾಹೇಬರ ಆಫೀಸಿಗೆ ಹೋದಳು.

"ಐತವಾರಕ್ಕೊಮ್ಮೆ ಓಡಸ್ತೀನಂತ ಆ ಮುದುಕಿಗೆ ಮಾತ ಕೊಟ್ಟೀನ್ರಿ. ಒಂದ ತಾಸಿಗರ ಪರವಾನಗಿ ಕೊಡ್ರಿ."

ಸಾಹೇಬರು ಬಾಗಿಲು ಮುಚ್ಚಿ ಕನ್ನಡಕ್ಕೆ ಹೊರಳಿದರು. "ನನಗೂ ಭಾಳ ಕೆಟ್ಟ ಅನಸ್ತದ ಮೇಡಂ. ಆದ್ರ ಕಾಯದಾ ನೋಡ್ರಿ. ಕಾಯದಾದ ಪ್ರಕಾರ ದೇವರು ಅಂದ್ರ ಅಪ್ರಾಪ್ತ ವಯಸ್ಸಿನ ಕೂಸು. ಅದರ ಆಸ್ತಿ ನೋಡಿಕೊಳ್ಳಾಕ ಪಾಲಕರು ಬೇಕಾಗೋದು ಅದಕ್ಕ. ಈಗ ಆ ಕೂಸಿನ ಕಡಿಂದ ನೀವು ಮಷೀನ್ ಕೆಲಸಾ ಮಾಡಿಸಿದ್ರ ಅದು ಬಾಲಕಾರ್ಮಿಕ ಕಾಯದಾದಾಗ ಬರ್ತದ. ನಿಮ್ಮನ್ನ ಒಳಗ ಹಾಕ್ತಾರ."

"ಅದು ಫಕೀರಪ್ಪನ ವಯಸ್ಸಿನಷ್ಟು ಹಳೇ ಮಷೀನ್ರಿ!"

"ದೇವರಿಗೆ ವಯಸ್ಸಾಗೂದಿಲ್ಲ ಮೇಡಂ," ಎಂದರು ಸಾಹೇಬರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು.

ಹೊರಟಾಗ ಅವಳ ಕೈಗೆ ಯಾತ್ರಾಸ್ಥಳಗಳ ಖಾತೆಯಿಂದ ಬಂದ ಇನ್ನೊಂದು ಆದೇಶ ಕೊಟ್ಟರು. ಅವಳು ಇನ್ನು ಮೇಲ್ವಿಚಾರಕಿಯಲ್ಲ, ದೇವತೆಯ ಕಾನೂನುಬದ್ಧ ಪಾಲಕಿ. ಸಂಬಳ ಪ್ರತಿ ತಿಂಗಳೂ ತಪ್ಪದೆ ಬರುತ್ತದೆ. ಒಪ್ಪದಿದ್ದರೆ ಸ್ಥಳವನ್ನು ಟ್ರಸ್ಟಿಗೆ ವಹಿಸಲಾಗುವುದು, ಟ್ರಸ್ಟಿನವರು ಪರಿವಾರ ದೇವತೆಗಳನ್ನು ಗುಜರಿಗೆ ಹಾಕಿ ಅಲ್ಲಿ ಭಕ್ತನಿವಾಸ ಕಟ್ಟುವ ಆಲೋಚನೆಯಲ್ಲಿದ್ದರು. ರಂಜನಾ ಬಸ್ಸಿನಲ್ಲಿ ಇಡೀ ದಾರಿ ತನ್ನನ್ನು ತಾನೇ ಬೈದುಕೊಂಡು, ಭೋಸರಿ ಬರುವ ಹೊತ್ತಿಗೆ ಒಪ್ಪಿದಳು.

ಅಮರನನ್ನು ಅರ್ಚಕನನ್ನಾಗಿ ನೇಮಿಸಿದರು. ದೇವತೆಯನ್ನು ಮುಟ್ಟಿದ ವಂಶ ಅದೊಂದೇ ಆಗಿದ್ದುದರಿಂದ ವಂಶಪಾರಂಪರ್ಯದ ಹಕ್ಕು ತಾನಾಗಿಯೇ ಸಿದ್ಧವಾಯಿತು. ರಾಂಜಣಗಾಂವದ ನೌಕರಿ ಬಿಟ್ಟು ಅವನು ಮಡಿ ಉಟ್ಟ. ಜೇಜುರಿಗೆ ಬರುವ ಕರ್ನಾಟಕದ ಯಾತ್ರಿಕರ ಬಸ್ಸುಗಳು, ಭೋಸರಿ ದಾರಿಯಲ್ಲಿಲ್ಲದಿದ್ದರೂ, ಸುತ್ತು ಹಾಕಿಕೊಂಡು ಬರತೊಡಗಿದವು. ಲೇಥಿನ ಮೇಲೆ ಮೊಣಕೈ ಮಟ್ಟ ಭಂಡಾರದ ಅರಿಷಿಣಪುಡಿ ಬಿತ್ತು. ದೇವಿ ಐಟಿಐ ಪಾಸಾಗದವರನ್ನು ಪಾಸು ಮಾಡುತ್ತಾಳೆ, ಪರ್ಮನೆಂಟ್ ಆಗದವರನ್ನು ಪರ್ಮನೆಂಟ್ ಮಾಡುತ್ತಾಳೆ ಎಂದು ಸುದ್ದಿಯಾಯಿತು. ಮಕ್ಕಳಿಗೆ ಹೊರಗಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಬುಗುರಿ ಪ್ರಸಾದವೆಂದು ಸಿಗುತ್ತಿತ್ತು.

ಕಲ್ಲವ್ವನಿಗೆ ಈಚೆಗೆ ಮಂಡಿನೋವು. ಇಷ್ಟೆಲ್ಲ ಆಗುವಾಗ ಅವಳು ಮನೆ ಬಿಟ್ಟು ಬಂದಿರಲಿಲ್ಲ. ಬರುತ್ತಾಳೆಂದು ರಂಜನಾ ಒಳಗೊಳಗೇ ಹೆದರಿದ್ದಳು. ಒಂದು ಭಾನುವಾರ ಬಂದೇ ಬಂದಳು. ತಾನು ಕೂರುತ್ತಿದ್ದ ಸ್ಟೂಲಿನ ಜಾಗದಲ್ಲಿ ಹುಂಡಿ ಇತ್ತು. ಸರದಿಯಲ್ಲಿ ನಿಂತು, ಮುಂದೆ ಬಂದು, ಕಟಾಂಜನದ ಒಳಗೆ ಕೈ ಚಾಚಿ ಲೇಥಿನ ಹಿಡಿಕೆ ಮುಟ್ಟಲು ಹೋದಳು.

"ಯವ್ವಾ, ಮುಟ್ಟಬ್ಯಾಡ," ಅಂದ ಅಮರ, ಮೆಲ್ಲಗೆ. "ಮಂದಿ ನೋಡಾಕತ್ತಾರ."

ಕಲ್ಲವ್ವ ಕೈ ಹಿಂದೆಗೆದುಕೊಂಡು ರಂಜನಾಳ ಕಡೆ ತಿರುಗಿದಳು. "ಬಾಯಾರ, ಓಡಸಂಗಿಲ್ಲಂತ ಹೌದೇನ್ರಿ?"

ರಂಜನಾ ತಲೆ ತಗ್ಗಿಸಿದಳು. "ಎಲ್ಲಾ ಕಡೆ ಕೇಳಿದೆ ಕಲ್ಲವ್ವ. ಯಾರ ಕೈಯಾಗೂ ಇಲ್ಲ. ತಪ್ಪ ನಂದು."

"ನೀವೇನ ಮಾಡತೀರಿ, ಪಾಪ," ಎಂದಳು ಕಲ್ಲವ್ವ. ಮತ್ತೆ ಲೇಥಿನ ಕಡೆ ತಿರುಗಿದಳು. "ಹಂಗಾದ್ರ ಇನ್ನ ಕೇಳಾಕ ಉಳಿದಾಕಿ ಈಕಿ ಒಬ್ಬಾಕೀನ."

ಸೆರಗು ಹೊದ್ದು, ನೋವಿನ ಮಂಡಿಯೂರಿ, ಗಂಡನ ಲೇಥಿಗೆ ಕೈಮುಗಿದು, ಎಲ್ಲರಿಗೂ ಕೇಳುವಂತೆ ಹರಕೆ ಹೊತ್ತಳು. "ಯವ್ವಾ ತಾಯಿ, ನಮ್ಮನಿಯವರ ಲೇಥ್ ಒಮ್ಮೆ ಚಾಲೂ ಆಗೂಹಂಗ ಮಾಡವ್ವ. ಆದ್ರ ನಿನಗ ಹೊಸಾ ಸೀರಿ ಉಡಸ್ತೀನಿ."

ಸರದಿಯಲ್ಲಿದ್ದ ಯಾರಿಗೂ ಇದು ವಿಚಿತ್ರವೆನಿಸಲಿಲ್ಲ. ಹರಕೆ ಕೌಂಟರಿನವನು ಹೆಸರು ಕೇಳಿ, ರಸೀದಿ ಹರಿದು ಕೊಟ್ಟ. ಅಮರ ತಾಯಿಯ ಹಣೆಗೆ ಭಂಡಾರ ಹಚ್ಚಿದ. ರಂಜನಾ ಸುತ್ತ ಒಮ್ಮೆ ನೋಡಿದಳು. ಅರ್ಜಿ ಹಾಕಬಹುದಾದ ಇನ್ನೊಂದು ಕಚೇರಿ ಅವಳಿಗೆ ಗೊತ್ತಿರಲಿಲ್ಲ. ಚಪ್ಪಲಿ ಕಳಚಿ, ಕಲ್ಲವ್ವನ ಹಿಂದೆ ನಿಂತು, ಕಣ್ಣು ಮುಚ್ಚಿ ಅದೇ ಹರಕೆ ಹೊತ್ತಳು.