ಎರಡು ಕಾವಲಿ

ಮನುಷ್ಯನಿಗೆ ಎರಡು ಕೈ ಎನ್ನುತ್ತಾರೆ. ನನಗಂತೂ ಇರುವುದು ಒಂದು ಕೈ, ಇನ್ನೊಂದು ಅದರ ಜವಾನ. ಬಲಗೈ ಬರೆಯುವಾಗ ಕಾಗದ ಹಿಡಿಯುವುದು, ಬಲಗೈ ಮೊಳೆ ಹೊಡೆಯುವಾಗ ಪೆಟ್ಟು ತಿನ್ನುವುದು, ಇಷ್ಟೇ ಅದರ ಉದ್ಯೋಗ. "ನಿಮ್ಮ ಎಡಗೈ ಇರುವುದು ವಾಚು ಕಟ್ಟಲಿಕ್ಕೆ ಮಾತ್ರ ಮಾರಾಯ್ರೇ" ಎಂದು ನನ್ನ ಹೆಂಡತಿ ಸುಮತಿ ಹೇಳುತ್ತಿದ್ದಳು. ಹೇಳುವ ಹಕ್ಕು ಅವಳಿಗಿತ್ತು. ಕಾಯಿ ತುರಿಯುವಾಗ ಒಂದು ಕೈ ಸೋತರೆ ಮಾತು ನಿಲ್ಲಿಸದೆ ಇನ್ನೊಂದಕ್ಕೆ ದಾಟಿಸುವವಳು ಅವಳು. ಮಂಗಳೂರಿನಿಂದ ಕೇರಳದ ತುಂಬಕ್ಕೆ ನನಗೆ ವರ್ಗವಾದ ಹೊಸತರಲ್ಲಿ, ಮೀನು ಮಾರುವ ಹೆಂಗಸಿನ ಕತ್ತಿ ಇಸಿದುಕೊಂಡು ಒಂದು ಬಂಗುಡೆ ಬಲಗೈಯಲ್ಲಿ, ಇನ್ನೊಂದು ಎಡಗೈಯಲ್ಲಿ ಕೊಯ್ದಳು. ಆಕೆ ಬುಟ್ಟಿ ಮರೆತು, "ಇವರ್ಕ್ಕ್ ರಂಡುಂ ವಲದುಕೈಯಾ!" ಎಂದಳು. ಎರಡೂ ಬಲಗೈಯೇ ಎಂದರ್ಥ. ನಾನು ಕಲಿತ ಮೊದಲ ಮಲಯಾಳ ವಾಕ್ಯ ಅದು. ಹೆಂಡತಿಯ ಹೊಗಳಿಕೆಯಿಂದ ಭಾಷೆ ಕಲಿತ ಗಂಡ ಇನ್ನೊಬ್ಬನಿರಲಾರ.

ಆದರೆ ಅವಳ ನಿಜವಾದ ವಿದ್ಯೆ ಕಾಣುತ್ತಿದ್ದುದು ನೀರುದೋಸೆಯಲ್ಲಿ. ಎರಡು ಒಲೆ, ಎರಡು ಕಾವಲಿ. ಬಲಗೈ ಈ ಕಾವಲಿಗೆ ಹಿಟ್ಟು ಹೊಯ್ಯುವಾಗ ಎಡಗೈ ಆ ಕಾವಲಿಯ ದೋಸೆ ಮಡಚಿ ತೆಗೆಯುತ್ತಿತ್ತು. ಮರುಗಳಿಗೆಗೆ ಕೈಗಳು ಕೆಲಸ ಬದಲಿಸಿಕೊಳ್ಳುತ್ತಿದ್ದವು. ನಾನೂ ಮಗಳೂ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತು ತಿನ್ನುತ್ತಿದ್ದೆವು. ಕಾಯಬೇಕಾದ ಪ್ರಸಂಗವೇ ಇರಲಿಲ್ಲ.

ಸುಮತಿಯ ಉತ್ತರಕ್ರಿಯೆ ಮುಗಿಸಿ ಕೊಚ್ಚಿಗೆ ಹೋಗಿದ್ದ ಮಗಳು ಮೊನ್ನೆ ಭಾನುವಾರ ಮೊದಲ ಸಲ ಮನೆಗೆ ಬಂದಳು. ಪಾಲಾರಿವಟ್ಟಂನ ಹಾಸ್ಟೆಲಿನ ಊಟ ತಿಂದು ಮುಖ ಇಳಿದುಹೋಗಿತ್ತು. ಈ ಮನೆಯಲ್ಲಿ ಅವಳಿಗೆ ಏನೂ ಕಡಿಮೆಯಾಗಿಲ್ಲ ಅನ್ನಿಸಬೇಕು ಎಂಬ ಹಟ ನನಗೆ. ಎರಡು ಒಲೆಯನ್ನೂ ಹಚ್ಚಿದೆ.

ಬಲಗೈ ಸೌಟಿನಿಂದ ಸುತ್ತ ಹಿಟ್ಟು ಹೊಯ್ದಿತು. ಎಡಗೈಯಲ್ಲಿ ಸಟ್ಟುಗ. ಎಷ್ಟಾದರೂ ಜವಾನನಲ್ಲವೇ, ಸಾಹೇಬರು ಮಾಡಿದ್ದನ್ನೇ ಮಾಡಿತು: ಅದೂ ಗರಗರ ಸುತ್ತಿತು. ಆ ಕಾವಲಿಯಲ್ಲಿ ಬೆಂದಿದ್ದ ದೋಸೆ ಚೂರುಚೂರಾಯಿತು. ಅದನ್ನು ಬಳಿದು ತೆಗೆಯುವಷ್ಟರಲ್ಲಿ ಈ ಕಡೆಯದು ಕರಟಿತು. ಮಗಳಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ತಟ್ಟೆಯೊಳಗೆ ಇಣುಕಿ, "ಅಪ್ಪಾ, ಇದು ದೋಶಯಾಣೋ, ಮುಟ್ಟ ಚಿಕ್ಕಿಯದಾಣೋ?" ಎಂದಳು. ದೋಸೆಯೋ, ಕದಡಿ ಹುರಿದ ಮೊಟ್ಟೆಯೋ ಎಂದು ಅವಳ ಅನುಮಾನ.

"ತಡಿ, ಇನ್ನೊಂದು ಸರಿಯಾಗ್ತದೆ," ಎಂದೆ. ಆಗಲಿಲ್ಲ. ಮತ್ತೆ ಸೌಟು ಅದ್ದಿದೆ.

ಅವಳು ನನ್ನ ಪಕ್ಕಕ್ಕೆ ಬಂದು ಎಡಗಡೆಯ ಒಲೆ ಆರಿಸಿದಳು. "ಅಪ್ಪಾ, ನಾವೀಗ ಇಬ್ಬರೇ ಅಲ್ವಾ?" ಎಂದಳು, ಕನ್ನಡದಲ್ಲಿ. "ಒಂದು ಕಾವಲಿ ಸಾಕು."

ಆಮೇಲೆ ನಾನು ಹೊಯ್ದೆ, ಅವಳು ಮಡಚಿ ತೆಗೆದಳು. ಸುಮತಿ ಒಬ್ಬಳೇ ಮಾಡುತ್ತಿದ್ದುದರ ಅರ್ಧ ಕೆಲಸಕ್ಕೆ ಇಬ್ಬರು ಬೇಕಾದೆವು. ದೋಸೆ ದುಂಡಗಾಗಿರಲಿಲ್ಲ, ಆದರೆ ದೋಸೆಯೇ ಆಗಿತ್ತು.

ಮಗಳನ್ನು ರೈಲು ಹತ್ತಿಸಿ ಗಂಟೆ ಎಷ್ಟೆಂದು ನೋಡಿದರೆ ಮುಳ್ಳು ಕಾಣಲಿಲ್ಲ. ವಾಚಿನ ಗಾಜಿನ ಮೇಲೆ ಹಿಟ್ಟು ಒಣಗಿತ್ತು. ನಾನು ಒರೆಸಲಿಲ್ಲ. ನನ್ನ ಎಡಗೈಯೂ ಒಂದು ದಿನ ಕೆಲಸ ಮಾಡಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಏನಿದೆ? ಗಂಟೆಯನ್ನು ಪಕ್ಕದವರ ಹತ್ತಿರ ಕೇಳಿಕೊಂಡೆ.