ನೀರು ಕಾಣದ ಬ್ಯಾಟರಿ

ಏನನ್ನಾದರೂ ಸ್ವಂತ ಕೈಯಿಂದ ಮಾಡಲು ಕೂತರೆ ಸಾಕು, ಫಜೀತಿಗಳು ತಾವಾಗಿ ಆಗುತ್ತವೆ. ನಾವು ಕರೆಯಬೇಕಾಗಿಲ್ಲ.

ನಾನು ಕಡೂರಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡಿಕೊಂಡಿದ್ದವನು. ಈಗ ಅಂಗಡಿ ಇಲ್ಲ, ಹಜಾರದಲ್ಲಿ ಒಂದು ಮೇಜಿದೆ. ಹೋದ ವರ್ಷ ನನ್ನ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಸತ್ತಿತು. ಹೊಸದನ್ನು ನಾನೇ ಕಟ್ಟುತ್ತೇನೆ ಎಂದೆ. ಹೆಂಡತಿ ಷರತ್ತು ಹಾಕಿದಳು. ಆಯುಧಪೂಜೆಯ ದಿನ ಸ್ಕೂಟರು ಓಡಬೇಕು. ಇಲ್ಲವಾದರೆ ಮೇಜು, ಅದರ ಮೇಲಿರುವುದು, ಎಲ್ಲ ಗುಜರಿಗೆ. ಮೇಜು ಹೋದರೆ ನನಗೆ ಉಳಿಯುವುದು ಅವಳ ಜೊತೆ ಕೂತು ನೋಡುವ ಸಂಜೆಯ ಧಾರಾವಾಹಿ. ಒಪ್ಪಿದೆ.

ತೂಕ

ಬೆರಳುದ್ದದ ಲಿಥಿಯಂ ಸೆಲ್‌ಗಳು ಹಳೆಯ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಸಿಗುತ್ತವೆ. ತರೀಕೆರೆಯ ಗುಜರಿಯವನ ಹತ್ತಿರ ಚೀಲಗಟ್ಟಲೆ ಇದ್ದವು. ಈರುಳ್ಳಿಯಂತೆ ತಕ್ಕಡಿಗೆ ಸುರಿದ.

"ಎಲ್ಲಾ ಗ್ಯಾರಂಟಿ ಮಾಲು ಯಜಮಾನ್ರೇ."

"ಯಾವುದಕ್ಕೆ ಗ್ಯಾರಂಟಿ?"

"ತೂಕಕ್ಕೆ."

ಮನೆಯಲ್ಲಿ ಒಂದೊಂದಕ್ಕೂ ಮೀಟರು ಹಿಡಿದೆ. ಅರ್ಧಕ್ಕರ್ಧ ಸತ್ತಿದ್ದವು. ತೂಕ ಮಾತ್ರ ಸರಿಯಿತ್ತು.

ಮುಚ್ಚಳ

ಬದುಕಿದ್ದವನ್ನು ಹದಿಮೂರು ಗುಂಪು ಮಾಡಿ, ನಿಕ್ಕಲ್ ಪಟ್ಟಿಯಿಂದ ಬೆಸೆದು, ವೈರು ಎಳೆದು, ಮೇಲೆ ಟೇಪು ಸುತ್ತಿದೆ. ಅಷ್ಟರಲ್ಲಿ ಹೆಂಡತಿಯ ತಮ್ಮ ಹಬ್ಬಕ್ಕೆಂದು ಅಜ್ಜಂಪುರದಿಂದ ಬಂದ. ಅವನ ಮನೆಯ ಯುಪಿಎಸ್ ಬ್ಯಾಟರಿಗೆ ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕುವವನು ಅವನೇ. ಹಾಗಾಗಿ ಅವನು ತಜ್ಞ.

"ನೀರು ಎಲ್ಲಿ ಹುಯ್ಯೋದು ಭಾವ?"

"ಇದಕ್ಕೆ ನೀರಿಲ್ಲ."

ಅವನು ಅದನ್ನು ಮಗುಚಿ ಮಗುಚಿ ಮುಚ್ಚಳ ಹುಡುಕಿದ. ಸಿಗಲಿಲ್ಲ. ಅಡುಗೆಮನೆಗೆ ಹೋಗಿ ಹೇಳಿದ್ದು ನನಗೆ ಕೇಳಿಸಿತು: "ಭಾವ ಮಾತಲ್ಲಿ ಮಾತ್ರ ಜಿಪುಣ ಅನ್ಕಂಡಿದ್ದೆ ಕಣಕ್ಕ. ನೀರಲ್ಲೂ ಹಂಗೇಯ."

ಮೇವು

ಹಬ್ಬಕ್ಕೆ ಎರಡು ದಿನವಿರುವಾಗ ಯಗಟಿ ರಸ್ತೆಯಲ್ಲಿ ಓಡಿಸಿ ನೋಡಿದೆ. ಅರ್ಧ ದಾರಿಯಲ್ಲಿ ನಿಂತಿತು. ಹಿಂದೆ ಬರುತ್ತಿದ್ದ ಕುರಿಮಂದೆ ನನ್ನನ್ನು ದಾಟಿತು. ಅದರಲ್ಲಿದ್ದ ಕುಂಟು ಕುರಿಯೂ ದಾಟಿತು. ಕುರಿ ಕಾಯುವ ಹೆಂಗಸು ಒಂದು ಗಳಿಗೆ ನಿಂತು ನೋಡಿದಳು.

"ಗಾಡಿ ಮೇಯಕ್ ನಿಂತೈತಾ ತಾತ?"

ಒಂದು ಬೆಸುಗೆ ಬಿಟ್ಟಿತ್ತು. ಮನೆಯವರೆಗೆ ತಳ್ಳಿ ತಂದು ಸರಿಮಾಡಿದೆ. ಮರುದಿನ ಯಗಟಿಗೆ ಹೋಗಿ ಬಂದೆ. ಹೆಂಡತಿಗೆ "ಓಡ್ತು" ಎಂದೆ.

"ಹಬ್ಬ ನಾಳೆ" ಎಂದಳು.

ಪೂಜೆ

ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆಯುಧಗಳನ್ನೆಲ್ಲ ತೊಳೆದಾಗಿತ್ತು. ಕುಡುಗೋಲು, ಈಳಿಗೆಮಣೆ, ಸ್ಕೂಟರು. ಸೀಟಿನ ಕೆಳಗಿಂದ ಬ್ಯಾಟರಿಯನ್ನೂ ತೆಗೆದು ಬಕೆಟ್ಟಿನಲ್ಲಿ ಅದ್ದಿ, ವಿಭೂತಿ ಬಳಿದು, ಕುಂಕುಮವಿಟ್ಟು, ಹೂ ಮುಡಿಸಿದ್ದರು. ಅದ್ದಿದವನು ಭಾವಮೈದ.

"ಈಗ ನೋಡಿ ಭಾವ, ಹೆಂಗ್ ಓಡ್ತೈತೆ."

ಒಳಗಿಂದ ಸುಂಯ್ ಎಂದಿತು. ಮೊರದಲ್ಲಿ ಎತ್ತಿಕೊಂಡು ಹೊರಗೆ ಓಡಿ, ಮನೆ ಮುಂದಿನ ಮರಳ ರಾಶಿಯ ಮೇಲಿಟ್ಟು ದೂರ ನಿಂತೆ. ಬೆಂಕಿ ಹತ್ತಲಿಲ್ಲ. ಸುಮ್ಮನೆ ಸತ್ತಿತು. ಆದರೆ ಮರಳಿನ ಮೇಲೆ ಹೂವು, ವಿಭೂತಿ ಕಂಡ ದಾರಿಹೋಕರು ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು. ಮುಟ್ಟಬೇಡಿ ಎಂದೆ. ಮಡಿ ಎಂದುಕೊಂಡು ಇನ್ನಷ್ಟು ಬಗ್ಗಿದರು. ಕೊನೇ ಮನೆಯ ಹಿರಿಯರು ಕಾಯಿ ಒಡೆದು ನೀರನ್ನು ಅದರ ಮೇಲೇ ಸುರಿದರು. ಯಾವ ದೇವರೆಂದು ಕೇಳಿದ್ದು ಆಮೇಲೆ.

"ಲಿಥಿಯಂ" ಎಂದೆ.

"ಒಳ್ಳೇದಾಗ್ಲಿ" ಎಂದು ಹೋದರು.

ಸ್ಕೂಟರು ಓಡಲಿಲ್ಲ. ಸಂಜೆ ಮೇಜು ಖಾಲಿ ಮಾಡಲು ಕೂತೆ. ಮಾತೆಂದರೆ ಮಾತು. ಹೆಂಡತಿಯೇ ತಡೆದಳು.

"ಪೂಜೆ ಆಗಿರೋದನ್ನ ಗುಜರಿಗೆ ಹಾಕ್ತಾರೇನ್ರೀ? ಮೇಜ್ ಮೇಲೇ ಇರ್ಲಿ."

ಹೀಗೆ ಮೇಜು ಉಳಿಯಿತು. ಬ್ಯಾಟರಿ ಅದರ ಮೇಲಿದೆ. ನನ್ನ ಸಾಮಾನು ಇಡುವಂತಿಲ್ಲ, ಮೈಲಿಗೆಯಂತೆ. ದಿನಾ ಸಂಜೆ ಅವಳು ಅದರ ಮುಂದೆ ಎಣ್ಣೆದೀಪ ಹಚ್ಚಿ ಬಂದು ಧಾರಾವಾಹಿ ಹಾಕುತ್ತಾಳೆ. ನೋಡುತ್ತೇನೆ. ಕರೆಂಟು ಹೋದಾಗ ಆ ದೀಪವೊಂದೇ ಉರಿಯುತ್ತಿರುತ್ತದೆ. ಬ್ಯಾಟರಿ ಕಟ್ಟಿದ್ದಕ್ಕೆ ಅಷ್ಟು ಬೆಳಕಾದರೂ ಸಿಕ್ಕಿತು.