ಮಾವನ ಡಕೋಟಾ

ನನಗೆ ಹಟ ಎನ್ನುವುದು ಬಂದದ್ದು ನಿವೃತ್ತಿಯ ನಂತರ. ಅದಕ್ಕೂ ಮೊದಲು, ಸಿರ್ಸಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿಕೊಂಡಿದ್ದಾಗ, ಹಟ ಮಾಡುವ ಕೆಲಸವನ್ನು ಹುಡುಗರಿಗೇ ಬಿಟ್ಟುಕೊಟ್ಟಿದ್ದೆ. ಈಗ ಹೊತ್ತು ಹೋಗದೆ ಚಿತ್ರ ಬಿಡಿಸಲು ಹಿಡಿದಿದ್ದೇನೆ. ಬಾಳೆಗೊನೆ, ತಾಮ್ರದ ಹಂಡೆ, ಮಲಗಿದ ಬೆಕ್ಕು ಇಷ್ಟರಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಬೆಕ್ಕು ಹೇಗೆ ಬಂದರೂ ಅದು ಬಂದು ಕೇಳುವುದಿಲ್ಲ. ಆದರೆ ನಾನು ಕೈ ಹಾಕಿದ್ದು ಯುದ್ಧವಿಮಾನಕ್ಕೆ.

ಕಾರಣ ಭೈರುಂಬೆಯ ನನ್ನ ಸೋದರಮಾವ. ಪ್ರಾಯದಲ್ಲಿ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಈಗ ಎಂಬತ್ತು ದಾಟಿದ ಅವರಿಗೆ ಸಹಸ್ರಚಂದ್ರ ಶಾಂತಿ. ಬಂದವರೆಲ್ಲ ಶಾಲು ಹೊದೆಸುತ್ತಾರೆ, ನಾನು ಅವರು ದುಡಿದ ವಿಮಾನದ ಚಿತ್ರವನ್ನೇ ಕೊಡಬೇಕೆಂದು ನಿಶ್ಚಯಿಸಿದೆ. ಯಾವ ವಿಮಾನ ಎಂದು ಕೇಳಲು ಹೋಗಲಿಲ್ಲ. ಕೇಳಿದರೆ ಅವರು ಹೇಳುವುದು ಒಂದೇ ಮಾತು, "ಡಕೋಟಾ." ನಮ್ಮ ಕಡೆ ಯಲ್ಲಾಪುರದ ಹಳೇ ಬಸ್ಸೂ ಡಕೋಟಾ, ನನ್ನ ಸ್ಕೂಟರೂ ಡಕೋಟಾ. ಮಾವ ತಮಾಷೆ ಮಾಡುತ್ತಾರೆ ಎಂದುಕೊಂಡು ನಾವೆಲ್ಲ ನಕ್ಕು ಸುಮ್ಮನಾಗುತ್ತಿದ್ದೆವು. ಮಾವ ನಗುತ್ತಿರಲಿಲ್ಲ. ಗಂಭೀರವಾಗಿ ತಮಾಷೆ ಮಾಡುವುದು ಅವರ ಕಲೆ ಎಂದು ನಾನು ವಿವರಣೆಯನ್ನೂ ಕೊಡುತ್ತಿದ್ದೆ.

ಪೇಟೆಯ ಸ್ಟೇಷನರಿ ಅಂಗಡಿಯಿಂದ ಜಲವರ್ಣದ ಪೆನ್ಸಿಲ್ ತಂದೆ. ಅದರಲ್ಲಿ ಬಣ್ಣ ತಿಕ್ಕಿ, ಮೇಲೆ ಒದ್ದೆ ಕುಂಚ ಆಡಿಸಿದರೆ ಬಣ್ಣ ಕರಗಿ ಹರಡುತ್ತದೆ. ಹೊರಗೆರೆಗೆ ಮಸಿ ಬೇಕು. ನಾನು ನನ್ನ ಹಳೇ ಮಸಿಪೆನ್ನಿನಲ್ಲೇ ಗೆರೆ ಎಳೆದು, ಆಮೇಲೆ ಕುಂಚ ಆಡಿಸಿದೆ. ಬಣ್ಣಕ್ಕಿಂತ ಮೊದಲು ಮಸಿಯೇ ಕರಗಿತು. ವಿಮಾನಕ್ಕೆ ಬೆಂಕಿ ಬಿದ್ದಿದೆಯೇ ಎಂದು ಹೆಂಡತಿ ವಿಚಾರಿಸಿದಳು. ಎರಡನೆಯದರಲ್ಲಿ ರೆಕ್ಕೆ ಹೋಯಿತು, ಮೂರನೆಯದರಲ್ಲಿ ಆಕಾಶವೇ ಹೋಯಿತು. ಮೊದಲು ಬಣ್ಣ, ಅದು ಪೂರ್ತಿ ಒಣಗಿದ ಮೇಲೆ ಮಸಿ ಎಂಬ ಸತ್ಯ ಹೊಳೆದದ್ದು ನಾಲ್ಕನೆಯ ಹಾಳೆಗೆ. ಚೂಪು ಮೂತಿ, ರೆಕ್ಕೆಯಲ್ಲಿ ತುಪಾಕಿ, ನೋಡಿದವರು ಹೆದರಬೇಕು, ಅಂಥ ವಿಮಾನ ತಯಾರಾಯಿತು.

ಶಾಂತಿಗೆ ಇನ್ನೂ ಒಂದು ವಾರವಿತ್ತು. ಬಾಲದ ಮೇಲೆ ಯಾವ ನಂಬರು ಬರೆಯಬೇಕೆಂದು ಕೇಳಲು ಮಾವನಲ್ಲಿಗೆ ಒಯ್ದೆ. ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಚಿತ್ರ ಚೊಲೋ ಇದ್ದು ತಮಾ. ಆದ್ರೆ ಇದು ಎನ್ನ ವಿಮಾನ ಅಲ್ಲ. ಎನ್ನದು ಡಕೋಟಾ."

ನಾನು ಅಭ್ಯಾಸಬಲದಿಂದ ನಕ್ಕೆ. ಮಾವ ಎದ್ದು ಒಳಗೆ ಹೋಗಿ ಟ್ರಂಕಿನಿಂದ ಒಂದು ಫೋಟೋ ತಂದರು. ಎರಡು ಇಂಜಿನ್ನು, ದಪ್ಪ ಹೊಟ್ಟೆ, ಬಾಲ ನೆಲಕ್ಕೂರಿ ಮೂತಿ ಮೇಲೆತ್ತಿ ನಿಂತ ವಿಮಾನ. ಪಕ್ಕದಲ್ಲಿ ಸ್ಪಾನರ್ ಹಿಡಿದ ಮಾವ. ಡಕೋಟಾ ಎನ್ನುವುದು ಆ ವಿಮಾನದ ಹೆಸರು. ಗುಡ್ಡದ ತುದಿಯ ಸೈನಿಕರಿಗೆ ಅಕ್ಕಿ, ಸೀಮೆಎಣ್ಣೆ ಒಯ್ಯುತ್ತಿತ್ತಂತೆ, ಗಾಯಾಳುಗಳನ್ನು ಹೊತ್ತು ತರುತ್ತಿತ್ತಂತೆ.

"ಹಾಳಾದ ಗಾಡಿಗೆಲ್ಲ ಡಕೋಟಾ ಹೇಳಿ ನಗ್ಯಾಡದು," ಎಂದರು ಮಾವ. "ಅದು ಒಂದು ದಿನನೂ ಎನಗೆ ಕೈ ಕೊಟ್ಟಿದ್ದಿಲ್ಲೆ."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಆ ಮನುಷ್ಯ ಪ್ರತಿ ಮದುವೆ ಮುಂಜಿಯಲ್ಲೂ ನಮ್ಮ ನಗುವಿನ ನಡುವೆ ಕೂತು ಊಟ ಮಾಡಿ ಎದ್ದಿದ್ದರು. ಫೋಟೋ ಕಡ ಕೇಳಿಕೊಂಡು ಮನೆಗೆ ಬಂದೆ. ಏನೇ ಆಗಲಿ ಆ ವಿಮಾನ ಹಾಳೆಯ ಮೇಲೆ ಇಳಿಯಲೇಬೇಕಿತ್ತು. ಐದು ದಿನ ಊಟದ ಮೇಜನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಫೋನಿನಲ್ಲಿ ಮಾವ ಎಡ ರೆಕ್ಕೆಯ ತೇಪೆಯನ್ನು ಮರೆಯಬಾರದೆಂದರು, ಹಾಕಿದವರು ಅವರೇ. ತೇಪೆ ಹಾಕಿದೆ. ಎಲ್ಲ ಮುಗಿಯಿತು ಎನ್ನುವಾಗ ಅವಸರಪಟ್ಟು ಇನ್ನೂ ಒದ್ದೆ ಇದ್ದ ಇಂಜಿನ್ನಿನ ಮೇಲೆ ಮಸಿ ಎಳೆದೆ. ಅದು ಹೊಟ್ಟೆಯವರೆಗೂ ಕಪ್ಪಗೆ ಇಳಿಯಿತು. ಮರುದಿನವೇ ಶಾಂತಿ. ಅಳು ಬರುವುದೊಂದು ಬಾಕಿ.

ಹಾಗೆಯೇ ಕಟ್ಟು ಹಾಕಿಸಿ ಒಯ್ದು ಕೊಟ್ಟೆ. ಮಾವ ಗಾಜಿನ ಮೇಲೆ ಬೆರಳಿಟ್ಟರು. ಬೆರಳು ತೇಪೆಯ ಮೇಲೆ ನಿಂತಿತು, ಆಮೇಲೆ ಆ ಹಾಳು ಕಲೆಯ ಗುಂಟ ನಿಧಾನವಾಗಿ ಇಳಿಯಿತು. ಅವರ ಕಣ್ಣು ಒದ್ದೆಯಾಗಿತ್ತು.

"ಎಣ್ಣೆ ಸೋರ್ತಿದ್ದದ್ದೂ ಸಮಾ ಬಂಜು," ಎಂದರು.

ಇಂಜಿನ್ನಿನ ಎಣ್ಣೆ ಸೋರಿಕೆಯನ್ನು ಬೇಕೆಂದೇ ಬಿಡಿಸಿದವನಂತೆ ನಾನು ತಲೆ ಆಡಿಸಿದೆ. ಊಟ ಮುಗಿಸಿ ಹೊರಟರೆ ಸ್ಕೂಟರ್ ಚಾಲೂ ಆಗಲಿಲ್ಲ. ಡಕೋಟಾ ಎನ್ನಲು ಹೆಂಡತಿ ಬಾಯಿ ತೆರೆದಳು, ಇದಕ್ಕೆ ಅಷ್ಟು ಮರ್ಯಾದೆ ಬೇಡ ಎಂದು ತಡೆದೆ. ಹಾಗಾದರೆ ಇದಕ್ಕೆ ಏನು ಹೇಳಬೇಕು ಎಂದು ಕೇಳಿದಳು. ಮೂವತ್ತು ವರ್ಷ ನಾನಾರ್ಥ, ಸಮಾನಾರ್ಥ ಪದಗಳನ್ನು ಕಲಿಸಿದ ನಾನು, ಒಂದು ಪದಕ್ಕಾಗಿ ತಡಕಾಡುತ್ತ ಅದನ್ನು ಗ್ಯಾರೇಜಿನವರೆಗೂ ತಳ್ಳಿದೆ.